ಗಡಿಯ ಹೈಸ್ಕೂಲಿಗೆ ರಸಾಯನಶಾಸ್ತ್ರ ಬಂದ ದಾರಿ

ಪುಣೆಯಿಂದ ಬೆಂಗಳೂರಿಗೆ ಬರುವ ಹೆದ್ದಾರಿಯಲ್ಲಿ ಕಾಗಲ್ ದಾಟಿ, ದೂಧಗಂಗಾ ಸೇತುವೆಯನ್ನೂ ದಾಟಿದರೆ ಕರ್ನಾಟಕದ ಕಡೆ ಸಿಗುವ ಮೊದಲ ದೊಡ್ಡ ಊರು ಕೊಗನೊಳ್ಳಿ. ಟೋಲ್ ನಾಕಾ ಮತ್ತು ಗಡಿ ತಪಾಸಣೆಯಿಂದಾಗಿ ಈ ಹೆಸರು ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಊರಿನ ಸುತ್ತಲಿನ ಬದುಕು ಮಾತ್ರ ಸುದ್ದಿಯಾಗುವುದು ಕಡಿಮೆ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ಜನ ಬಹುಕಾಲದಿಂದ ಮುಖ್ಯವಾಗಿ ಮೂರು ವಸ್ತುಗಳನ್ನು ನಂಬಿ ಬದುಕಿದ್ದಾರೆ: ಕಬ್ಬು, ತಂಬಾಕು, ಚರ್ಮ. ಮೂರೂ ಹೊಲದಿಂದಲೋ ಕೊಟ್ಟಿಗೆಯಿಂದಲೋ ಬಂದಂತೆ ಮಾರಾಟವಾಗುವುದಿಲ್ಲ. ಕುದಿಸಬೇಕು, ಹದ ಮಾಡಬೇಕು, ಸುಣ್ಣ ಹಾಕಬೇಕು, ತೊಗಟೆಯ ನೀರಿನಲ್ಲಿ ನೆನೆಹಾಕಬೇಕು. ಅಂದರೆ ಈ ಸೀಮೆಯ ಸಂಪತ್ತೆಲ್ಲ ರಾಸಾಯನಿಕ ಬದಲಾವಣೆಯಿಂದಲೇ ಹುಟ್ಟಿದ್ದು. ಹಾಗಿದ್ದೂ ಇಲ್ಲಿನ ಹೈಸ್ಕೂಲು ಮಕ್ಕಳಿಗೆ ರಸಾಯನಶಾಸ್ತ್ರವೆಂದರೆ ಪರೀಕ್ಷೆಗೆ ಬಾಯಿಪಾಠ ಮಾಡುವ ಸಮೀಕರಣಗಳ ಪಟ್ಟಿ. ಈ ಅಂತರಕ್ಕೆ ಮಕ್ಕಳನ್ನಾಗಲಿ ಮಾಸ್ತರರನ್ನಾಗಲಿ ದೂರುವುದು ಸುಲಭ. ಆದರೆ ವಿಶ್ವವಿದ್ಯಾಲಯಗಳು ಹೈಸ್ಕೂಲಿನ ಕಡೆ ನಡೆದುಬಂದ ಚರಿತ್ರೆಯನ್ನು ನೋಡಿದರೆ ಕಾರಣ ಬೇರೆಯೇ ಕಾಣುತ್ತದೆ. ವಿಶ್ವವಿದ್ಯಾಲಯ ನೂರೈವತ್ತು ವರ್ಷಗಳಲ್ಲಿ ಈ ಊರಿಗೆ ಹತ್ತಿರ ಹತ್ತಿರ ಬಂದಿತು. ಬರುವಾಗ ಮಾತು ತಂದಿತು, ಪುಸ್ತಕ ತಂದಿತು, ಪ್ರದರ್ಶನ ತಂದಿತು. ಮಾಸ್ತರರ ಕೈಗೆ ಉಪಕರಣವನ್ನೂ ಮಕ್ಕಳ ಮುಂದೆ ಅವರದೇ ಊರಿನ ವಸ್ತುವನ್ನೂ ಇಡುವ ಕೆಲಸ ಬೇರೆ ಕಡೆ ನಡೆದು ಫಲಿಸಿತು. ಇಲ್ಲಿ ಅದು ಇಂದಿಗೂ ನೆಲೆಯೂರಿಲ್ಲ.

ಮೊದಲಿಗೆ ವಿಶ್ವವಿದ್ಯಾಲಯ ಹೈಸ್ಕೂಲಿಗೆ ಬಂದದ್ದು ಪರೀಕ್ಷಕನಾಗಿ. ಚಿಕ್ಕೋಡಿ ಸೀಮೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. 1857ರಲ್ಲಿ ಹುಟ್ಟಿದ ಮುಂಬಯಿ ವಿಶ್ವವಿದ್ಯಾಲಯವೇ ಸ್ವಾತಂತ್ರ್ಯದ ಆಸುಪಾಸಿನವರೆಗೂ ಮೆಟ್ರಿಕ್ ಪರೀಕ್ಷೆಯ ಒಡೆಯ. ಹೈಸ್ಕೂಲಿನಲ್ಲಿ ಏನು ಕಲಿಸಬೇಕು ಎಂಬುದನ್ನು ಆ ಪ್ರಶ್ನೆಪತ್ರಿಕೆ ತೀರ್ಮಾನಿಸುತ್ತಿತ್ತು. ಕಾಲೇಜು ಬೇಕೆಂದರೆ ಗಡಿಯ ಹುಡುಗ ಒಂದೋ ಕೊಲ್ಲಾಪುರಕ್ಕೆ ಹೋಗಬೇಕು, ಅಲ್ಲಿ 1880ರ ರಾಜಾರಾಮ್ ಕಾಲೇಜು ಇತ್ತು. ಇಲ್ಲವೇ ಧಾರವಾಡಕ್ಕೆ, ಅಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ಲಿಂಗರಾಜ ಕಾಲೇಜನ್ನು ತೆರೆದದ್ದು 1933ರಲ್ಲಿ. ಹಳ್ಳಿಯಿಂದ ಅಷ್ಟು ದೂರ ಹೋಗುವ ಹುಡುಗರು ಬೆರಳೆಣಿಕೆಯವರು, ಹುಡುಗಿಯರಂತೂ ಅಪರೂಪ. ಹೋದವರಲ್ಲಿ ಬಹುತೇಕರ ಕಣ್ಣು ವಕೀಲಿ, ಮಾಮಲೇದಾರಿ, ಮಾಸ್ತರಿಕೆಯ ಮೇಲೆ. ರಸಾಯನಶಾಸ್ತ್ರ ಓದಿ ಊರಿಗೆ ಬಂದವನಿಗೆ ಊರಿನಲ್ಲಿ ಕೆಲಸ ಎಲ್ಲಿತ್ತು? 1939ರಲ್ಲಿ ಕೃಷ್ಣಾ ದಂಡೆಯ ಉಗಾರ ಖುರ್ದದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದಾಗ ಈ ಸೀಮೆಗೆ ‘ಕೆಮಿಸ್ಟ್’ ಎಂಬ ಹುದ್ದೆಯವನ ಪರಿಚಯವಾಗಿರಬೇಕು. ಆದರೆ ಆ ಕೆಮಿಸ್ಟನಿಗೂ ಪಕ್ಕದ ಹೈಸ್ಕೂಲಿಗೂ ಸಂಬಂಧ ಬೆಸೆಯುವ ವ್ಯವಸ್ಥೆ ಯಾವ ವಿಶ್ವವಿದ್ಯಾಲಯದ ನಿಯಮಾವಳಿಯಲ್ಲೂ ಇರಲಿಲ್ಲ.

ದಕ್ಷಿಣದಲ್ಲಿ, ಮೈಸೂರು ಸಂಸ್ಥಾನದಲ್ಲಿ, ಬೇರೆಯ ಒಂದು ಪ್ರಯತ್ನ ಅಷ್ಟರಲ್ಲೇ ನಡೆದಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜತೆ ಸೇರಿ 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ತಂದರು. ಕಾಲೇಜಿನ ಮೇಷ್ಟ್ರು ತರಗತಿಯ ಗೋಡೆಯಾಚೆಗೆ ಕನ್ನಡದಲ್ಲಿ ವಿಜ್ಞಾನ ಹೇಳಲು ಹೊರಟ ಮೊದಲ ಗಟ್ಟಿ ಪ್ರಯತ್ನಗಳಲ್ಲಿ ಅದೊಂದು. ಎರಡು ವರ್ಷ ನಡೆದು ನಿಂತುಹೋಯಿತು. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾಲಯವೇ ಪ್ರಚಾರೋಪನ್ಯಾಸಗಳನ್ನು ಆರಂಭಿಸಿ, ಅಧ್ಯಾಪಕರನ್ನು ಊರೂರಿಗೆ ಕಳಿಸಿ, ಅವರ ಉಪನ್ಯಾಸಗಳನ್ನು ಅಗ್ಗದ ಪುಸ್ತಿಕೆಗಳಾಗಿ ಅಚ್ಚುಹಾಕಿತು. ಕುವೆಂಪು ಕುಲಪತಿಯಾಗಿದ್ದ 1956ರಿಂದ 1960ರ ಅವಧಿಯಲ್ಲಿ ಈ ಕೆಲಸಕ್ಕೆ ಹೊಸ ಕಸುವು ಬಂತು. ಉತ್ತರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ 1949ರ ಕಾಯಿದೆಯಿಂದ ಹುಟ್ಟಿ, ಮುಂಬಯಿಯಿಂದ ಧಾರವಾಡಕ್ಕೆ ಬಂದು ನೆಲೆಸಿತು. 1954ರಿಂದ 1967ರವರೆಗೆ ಅದರ ಕುಲಪತಿಯಾಗಿದ್ದ ಡಿ. ಸಿ. ಪಾವಟೆಯವರು ನಮ್ಮ ಬೆಳಗಾವಿ ಜಿಲ್ಲೆಯ ಗೋಕಾಕ ತಾಲೂಕಿನ ಮಮದಾಪುರದವರು, ಕೇಂಬ್ರಿಜಿನಲ್ಲಿ ಗಣಿತ ಓದಿದವರು. ಧಾರವಾಡದಲ್ಲೂ ಉಪನ್ಯಾಸ ಗ್ರಂಥಮಾಲೆ ಬೆಳೆಯಿತು. ಮುಂಬಯಿಯಷ್ಟು ದೂರವಿದ್ದ ವಿಶ್ವವಿದ್ಯಾಲಯ ಕೊಗನೊಳ್ಳಿಯಿಂದ ಸುಮಾರು 160 ಕಿಲೋಮೀಟರಿಗೆ ಬಂದಂತಾಯಿತು. 1962ರಲ್ಲಿ ಕೊಲ್ಲಾಪುರದಲ್ಲಿ ಶಿವಾಜಿ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಇನ್ನೊಂದು 30 ಕಿಲೋಮೀಟರಿನ ಒಳಗೇ ಬಂತು, ಆದರೆ ರಾಜ್ಯದ ಗಡಿಯ ಆಚೆ.

ಈ ಉಪನ್ಯಾಸ ಪರಂಪರೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕನ್ನಡದಲ್ಲಿ ಆಮ್ಲ, ಪ್ರತ್ಯಾಮ್ಲ, ಲವಣ, ಧಾತು, ಸಂಯುಕ್ತ ಎಂಬ ಪದಗಳನ್ನು ಹೈಸ್ಕೂಲು ಮಕ್ಕಳು ಇಂದು ಸಲೀಸಾಗಿ ಬಳಸುತ್ತಾರೆಂದರೆ ಅದರ ಹಿಂದೆ ಆ ತಲೆಮಾರಿನ ಬೆವರಿದೆ. ಆದರೆ ಉಪನ್ಯಾಸವೆಂಬ ಸಾಧನ ಎಲ್ಲ ವಿಷಯಕ್ಕೂ ಒಂದೇ ರೀತಿ ಒದಗುವುದಿಲ್ಲ. ಚರಿತ್ರೆಯನ್ನು ಕಿವಿಯಿಂದ ಕಲಿಯಬಹುದು, ಸಾಹಿತ್ಯವನ್ನಂತೂ ಕಿವಿಯಿಂದಲೇ ಕಲಿಯಬೇಕು. ಖಗೋಳವಾದರೆ ಕತ್ತೆತ್ತಿದರೆ ಆಕಾಶವಿದೆ. ರಸಾಯನಶಾಸ್ತ್ರದಲ್ಲಿ ಬಣ್ಣ ತಿರುಗಬೇಕು, ವಾಸನೆ ಮೂಗಿಗೆ ಬಡಿಯಬೇಕು, ಪ್ರನಾಳ ಅಂಗೈಯಲ್ಲಿ ಬಿಸಿಯಾಗಬೇಕು. ಇವಿಲ್ಲದೆ ಬರೀ ಹೇಳಿದರೆ ಕೇಳುವವನ ಪಾಲಿಗೆ ಉಳಿಯುವುದು ಹೆಸರುಗಳಷ್ಟೆ. ಊರಿಗೆ ಬಂದ ಪ್ರಾಧ್ಯಾಪಕರು ರಾತ್ರಿಯ ಬಸ್ಸಿಗೆ ಹಿಂದಿರುಗಿದ ಮೇಲೆ ಮರುದಿನದ ತರಗತಿಗೆ ಏನು ಉಳಿಯಿತು ಎಂದು ಕೇಳಿಕೊಂಡರೆ, ಪುಸ್ತಿಕೆಯೊಂದನ್ನು ಬಿಟ್ಟರೆ ಹೆಚ್ಚೇನೂ ಇಲ್ಲ.

ಇದೇ ಕೆಲಸವನ್ನು ಬೇರೆ ರೀತಿ ಮಾಡಿದವರೂ ಇದ್ದರು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ 1825ರಲ್ಲಿ ಕ್ರಿಸ್‌ಮಸ್ ಉಪನ್ಯಾಸಗಳು ಆರಂಭವಾದವು. ಮೈಕೆಲ್ ಫ್ಯಾರಡೆ ಅಲ್ಲಿ ಮಕ್ಕಳ ಮುಂದೆ ಒಂದು ಮೇಣದಬತ್ತಿ ಹಚ್ಚಿಟ್ಟು, ಅದರ ಸುತ್ತಲೇ ಆರು ಉಪನ್ಯಾಸ ಕಟ್ಟಿದ. ಎಲ್ಲರ ಮನೆಯಲ್ಲೂ ಇರುವ ವಸ್ತುವನ್ನೇ ಆರಿಸಿಕೊಂಡದ್ದು ಅವನ ಜಾಣತನ. ಅವಿಭಜಿತ ಭಾರತದಲ್ಲೇ, ಲಾಹೋರಿನ ಸರಕಾರಿ ಕಾಲೇಜಿನಲ್ಲಿ ಮುಂದೆ ರಸಾಯನಶಾಸ್ತ್ರ ಕಲಿಸಿದ ರುಚಿರಾಮ್ ಸಾಹ್ನಿ 1885ರಲ್ಲಿ ಪಂಜಾಬ್ ಸೈನ್ಸ್ ಇನ್‌ಸ್ಟಿಟ್ಯೂಟ್ ಕಟ್ಟುವುದರಲ್ಲಿ ಪಾಲುಗೊಂಡು, ಪೇಟೆ ಪಟ್ಟಣಗಳಲ್ಲಿ ಜನರ ಮಾತಿನಲ್ಲೇ ಪ್ರಯೋಗ ಮಾಡಿ ತೋರಿಸುತ್ತ ಉಪನ್ಯಾಸ ಕೊಟ್ಟರು. ಅಂಗಡಿಕಾರರು ಪುಡಿಗಾಸಿನ ಟಿಕೆಟ್ ಕೊಂಡು ಬಂದು ಕೇಳಿದರು. ನನ್ನ ವಾದಕ್ಕೆ ಇದಕ್ಕಿಂತ ಮುಖ್ಯವಾದದ್ದು ಆ ಸಂಸ್ಥೆಯ ಕಾರ್ಯಾಗಾರ. ವಿಲಾಯಿತಿಯಿಂದ ತರಿಸುತ್ತಿದ್ದ ಪ್ರಯೋಗದ ಸಾಮಾನುಗಳನ್ನು ಅಲ್ಲೇ ರಿಪೇರಿ ಮಾಡಿ, ಅಲ್ಲೇ ತಯಾರಿಸಿ ಶಾಲೆಗಳಿಗೆ ಕಡಿಮೆ ಬೆಲೆಗೆ ಒದಗಿಸುವ ಕೆಲಸವನ್ನು ಅದು ಕೈಗೊಂಡಿತು. ಉಪನ್ಯಾಸ ಮುಗಿದ ಮೇಲೂ ಶಾಲೆಯಲ್ಲಿ ಒಂದು ವಸ್ತು ಉಳಿಯುತ್ತಿತ್ತು. ಮಾಸ್ತರರು ಅದನ್ನು ಮರುದಿನ, ಮರುವರ್ಷ ಮತ್ತೆ ಬಳಸಬಹುದಿತ್ತು.

ಕರ್ನಾಟಕದಲ್ಲಿ ಹೈಸ್ಕೂಲು ಮಕ್ಕಳನ್ನೇ ಕಣ್ಣಮುಂದಿಟ್ಟುಕೊಂಡ ಕೆಲಸ ಆರಂಭವಾದದ್ದು 1970ರ ದಶಕದ ಕೊನೆಗೆ. 1978ರಲ್ಲಿ ‘ಬಾಲವಿಜ್ಞಾನ’ ಮಾಸಪತ್ರಿಕೆ ಬಂತು. ಅದನ್ನು ರೂಪಿಸಿದ ಜೆ. ಆರ್. ಲಕ್ಷ್ಮಣರಾವ್ ಮೈಸೂರಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸ್ಥಾಪನೆಯಾಗಿ ಜಿಲ್ಲೆ ಜಿಲ್ಲೆಗೂ ಹಬ್ಬಿತು. ಗಡಿಯಾಚೆಯ ಮರಾಠಿ ವಿಜ್ಞಾನ ಪರಿಷತ್ತು ಅದಕ್ಕೂ ಮುಂಚೆ, 1966ರಲ್ಲೇ ಹುಟ್ಟಿತ್ತು. 1993ರಿಂದ ನಡೆಯುತ್ತಿರುವ ಮಕ್ಕಳ ವಿಜ್ಞಾನ ಸಮಾವೇಶ ಹಳ್ಳಿಯ ಮಕ್ಕಳಿಗೆ ತಮ್ಮ ಊರಿನ ನೀರು, ಮಣ್ಣು, ಬೆಳೆಯ ಮೇಲೆ ಸಣ್ಣ ಸಂಶೋಧನೆ ಮಾಡುವ ಅವಕಾಶ ಕೊಟ್ಟಿತು. ಅಂತರರಾಷ್ಟ್ರೀಯ ರಸಾಯನಶಾಸ್ತ್ರ ವರ್ಷವಾದ 2011ರಲ್ಲಿ ಲೋಕದ ಅನೇಕ ಶಾಲೆಗಳ ಮಕ್ಕಳು ತಮ್ಮೂರಿನ ನೀರಿನ ಪಿಎಚ್ ಅಳೆದು ಒಂದೇ ಪಟ್ಟಿಗೆ ಸೇರಿಸುವ ಯೋಜನೆಯೂ ನಡೆಯಿತು. ಇವೆಲ್ಲ ಸರಿಯಾದ ದಿಕ್ಕಿನ ಹೆಜ್ಜೆಗಳು. ಇವುಗಳ ಮಿತಿ ಒಂದೇ: ಉತ್ಸಾಹಿ ಮಾಸ್ತರರಿರುವ ಶಾಲೆಗೆ ಇವು ತಲುಪುತ್ತವೆ. ಆ ಮಾಸ್ತರರಿಗೆ ವರ್ಗವಾದರೆ ಶಾಲೆಯ ವಿಜ್ಞಾನವೂ ಅವರ ಜತೆಗೇ ಹೋಗುತ್ತದೆ.

ವಿಶ್ವವಿದ್ಯಾಲಯವೊಂದು ಹಳ್ಳಿಯ ಶಾಲೆಗೆ ನಿಜವಾಗಿ ಕೈಜೋಡಿಸಿದರೆ ಏನಾಗಬಲ್ಲದು ಎಂಬುದಕ್ಕೆ ನಮ್ಮ ದೇಶದಲ್ಲಿ ಒಂದು ದೊಡ್ಡ ಪುರಾವೆ ಇದೆ, ಮಧ್ಯಪ್ರದೇಶದ ಹೋಶಂಗಾಬಾದ್. 1972ರಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು 16 ಮಾಧ್ಯಮಿಕ ಶಾಲೆಗಳಲ್ಲಿ ಪ್ರಯೋಗದ ಮೂಲಕವೇ ವಿಜ್ಞಾನ ಕಲಿಸುವ ಕಾರ್ಯಕ್ರಮ ಆರಂಭಿಸಿದವು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಂದರು. ಮರುವರ್ಷದಿಂದ ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರು ವಿಶ್ವವಿದ್ಯಾಲಯ ಅನುದಾನ ಆಯೋಗದ ನೆರವಿನಿಂದ ಹಳ್ಳಿಗೆ ಹೋಗಿ ಕೆಲಸ ಮಾಡಿದರು. ಅವರು ಮಕ್ಕಳಿಗೆ ಭಾಷಣ ಮಾಡಲು ಹೋಗಲಿಲ್ಲ. ಮಾಸ್ತರರ ಜತೆ ಕೂತು ಪಾಠ ಬರೆದರು, ಅಗ್ಗದ ಕಿಟ್ ಸಿದ್ಧಮಾಡಿದರು, ತಿಂಗಳಿಗೊಮ್ಮೆ ಸಭೆ ಸೇರಿ ಯಾವ ಪ್ರಯೋಗ ಕೈಕೊಟ್ಟಿತು, ಏಕೆ ಕೈಕೊಟ್ಟಿತು ಎಂದು ಚರ್ಚಿಸಿದರು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಡಲು ಬಿಟ್ಟರು. 1978ಕ್ಕೆ ಇಡೀ ಜಿಲ್ಲೆಗೆ ಹಬ್ಬಿದ ಈ ಕಾರ್ಯಕ್ರಮವನ್ನು 1982ರಿಂದ ಏಕಲವ್ಯ ಸಂಸ್ಥೆ ಮುನ್ನಡೆಸಿತು. 2002ರಲ್ಲಿ ಸರಕಾರ ಅದನ್ನು ನಿಲ್ಲಿಸಿತು. ನಿಂತುಹೋಯಿತಲ್ಲ, ಹಾಗಾದರೆ ಸೋತಿತು ಎನ್ನಬಹುದೇ? ಮೂವತ್ತು ವರ್ಷ ನಡೆದದ್ದು ಸರಕಾರಿ ಶಾಲೆಗಳಲ್ಲಿ, ಸರಕಾರಿ ಸಂಬಳದ ಮಾಸ್ತರರಿಂದಲೇ. ಅದು ನಿಂತದ್ದು ಸರಕಾರದ ಆದೇಶದಿಂದ. ಹಳ್ಳಿಯ ಮಕ್ಕಳ ಕೈಯಲ್ಲಿ ಪ್ರಯೋಗ ಆಗುವುದಿಲ್ಲ ಎಂದು ಅದರಿಂದ ತೀರ್ಮಾನಿಸಲು ಬರುವುದಿಲ್ಲ.

ಈಗ ನಮ್ಮ ಕಡೆಗೆ ಬರೋಣ. 2008ರಲ್ಲಿ ಕೇಂದ್ರ ಸರಕಾರ ಮಕ್ಕಳನ್ನು ವಿಜ್ಞಾನದತ್ತ ಸೆಳೆಯುವ ಇನ್‌ಸ್ಪೈರ್ ಯೋಜನೆ ಆರಂಭಿಸಿತು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 2012ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರ ತೆರೆಯಿತು. ರಾಜ್ಯದೊಳಗಿನ ವಿಶ್ವವಿದ್ಯಾಲಯಕ್ಕೂ ಕೊಗನೊಳ್ಳಿಗೂ ನಡುವಿನ ಅಂತರ 160 ಕಿಲೋಮೀಟರಿನಿಂದ 80ರ ಆಸುಪಾಸಿಗೆ ಇಳಿಯಿತು, ಸರಕಾರಿ ಹಣವೂ ಹರಿಯಿತು. ಆದರೆ ಇನ್‌ಸ್ಪೈರ್‌ನ ವಿಜ್ಞಾನ ಶಿಬಿರದ ರಚನೆಯನ್ನು ಗಮನಿಸಿ. ಐದು ದಿನದ ಆ ಶಿಬಿರ ಹತ್ತನೇ ತರಗತಿಯಲ್ಲಿ ಮೇಲಿನ ಶೇಕಡಾ ಒಂದರೊಳಗೆ ಅಂಕ ಪಡೆದು, ಹನ್ನೊಂದನೇ ತರಗತಿಯಲ್ಲಿ ಆಗಲೇ ವಿಜ್ಞಾನ ಆರಿಸಿಕೊಂಡವರಿಗಾಗಿ. ಅಂದರೆ ವಿಶ್ವವಿದ್ಯಾಲಯದ ಬಾಗಿಲು ತೆರೆಯುವುದು ಮಗು ನಿರ್ಧಾರ ಮಾಡಿ ಮುಗಿಸಿದ ಮೇಲೆ. ನಮ್ಮ ರಾಜ್ಯದ ಎಸೆಸೆಲ್ಸಿಯಲ್ಲಿ ರಸಾಯನಶಾಸ್ತ್ರ ಪ್ರತ್ಯೇಕ ವಿಷಯವಲ್ಲ. ವಿಜ್ಞಾನವೆಂಬ ಒಂದೇ ಪತ್ರಿಕೆಯ ಒಂದು ಭಾಗ. ಪಿಯುಸಿಗೆ ಸೇರುವಾಗ ಆರ್ಟ್ಸೋ ಕಾಮರ್ಸೋ ಸೈನ್ಸೋ ಎಂದು ಆರಿಸುವ ಹುಡುಗಿಗೆ ರಸಾಯನಶಾಸ್ತ್ರ ಎಂಬುದರ ರುಚಿ ಸಿಕ್ಕಿರುವುದು ಆ ಭಾಗದಷ್ಟೇ. ಹತ್ತನೇ ತರಗತಿಯ ಈಗಿನ ಪುಸ್ತಕದ ಮೊದಲ ಪ್ರಯೋಗ ಮೆಗ್ನೀಸಿಯಂ ಪಟ್ಟಿಯನ್ನು ಉಪ್ಪುಕಾಗದದಿಂದ ಉಜ್ಜಿ, ಇಕ್ಕಳದಲ್ಲಿ ಹಿಡಿದು ಉರಿಸಿ, ಬಿಳಿ ಪುಡಿಯನ್ನು ಗಾಜಿನ ತಟ್ಟೆಯಲ್ಲಿ ಸಂಗ್ರಹಿಸುವುದು. ಎರಡು ಬೆರಳಗಲದ ಪಟ್ಟಿ, ಕಣ್ಣು ಕುಕ್ಕುವ ಬಿಳಿ ಬೆಳಕು. ಅದನ್ನು ಒಮ್ಮೆ ಕಂಡ ಮಗುವಿಗೆ ಆ ಸಮೀಕರಣವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ಕಾಣದ ಮಗುವಿಗೆ ಅದು ಒಂದು ಅಂಕದ ಪ್ರಶ್ನೆ ಮಾತ್ರ.

ಮೆಗ್ನೀಸಿಯಂ ಪಟ್ಟಿ ಇಲ್ಲದಿದ್ದರೂ ಕೊಗನೊಳ್ಳಿಯ ಸುತ್ತ ಪ್ರಯೋಗದ ವಸ್ತುವಿಗೆ ಬರವಿಲ್ಲ. ಬೆಲ್ಲದ ಗಾಣವನ್ನೇ ನೋಡೋಣ. ಹಿಂಡಿದ ಕಬ್ಬಿನ ಹಾಲು ಸ್ವಲ್ಪ ಆಮ್ಲೀಯ. ಅದರ ಪಿಎಚ್ ಐದೂವರೆಯ ಹತ್ತಿರ. ನೀಲಿ ಲಿಟ್ಮಸ್ ಅದ್ದಿದರೆ ಕೆಂಪಗಾಗುತ್ತದೆ. ಹಾಗೆಯೇ ಕುದಿಸಿದರೆ ಆಮ್ಲ ಮತ್ತು ಶಾಖ ಸೇರಿ ಸುಕ್ರೋಸನ್ನು ಗ್ಲುಕೋಸ್, ಫ್ರಕ್ಟೋಸ್‌ಗಳಾಗಿ ಒಡೆಯುತ್ತವೆ. ಆಗ ಬೆಲ್ಲ ಗಟ್ಟಿಯಾಗುವುದಿಲ್ಲ, ಮಳೆಗಾಲದಲ್ಲಿ ನೀರೊಡೆಯುತ್ತದೆ. ಅದಕ್ಕೇ ಗಾಣದವನು ಕೊಪ್ಪರಿಗೆಗೆ ಸುಣ್ಣದ ತಿಳಿ ಹಾಕುತ್ತಾನೆ. ಸುಣ್ಣ ಆಮ್ಲವನ್ನು ತಣಿಸುತ್ತದೆ, ಕಲ್ಮಶವನ್ನು ಹೆಪ್ಪುಗಟ್ಟಿಸುತ್ತದೆ. ಬೆಂಡೆ ಗಿಡದ ಕಾಂಡ ಜಜ್ಜಿ ತೆಗೆದ ಲೋಳೆ ಆ ಕಲ್ಮಶವನ್ನು ಹಿಡಿದು ನೊರೆಯಾಗಿ ಮೇಲೆ ತರುತ್ತದೆ. ಜಾಲರಿಯಿಂದ ಅದನ್ನು ತೆಗೆಯುತ್ತಾರೆ. ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ಪಾಕ 118 ಡಿಗ್ರಿಯ ಆಸುಪಾಸಿಗೆ ಬಂದಾಗ ಇಳಿಸಬೇಕು. ಗಾಣದ ಹಿರಿಯ ಅದನ್ನು ತಣ್ಣೀರಿಗೆ ಒಂದು ಹನಿ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ ಹೇಳುತ್ತಾನೆ. ತಟಸ್ಥೀಕರಣ, ಜಲವಿಭಜನೆ, ಸ್ಕಂದನ, ಕುದಿಬಿಂದುವಿನ ಏರಿಕೆ ಎಂದು ಪಠ್ಯಪುಸ್ತಕ ಬೇರೆ ಬೇರೆ ಅಧ್ಯಾಯಗಳಲ್ಲಿ ಹಂಚಿ ಹೇಳುವುದೆಲ್ಲ ಇಲ್ಲಿ ಒಂದೇ ಒಲೆಯ ಮೇಲೆ ಒಂದೇ ಮಧ್ಯಾಹ್ನದಲ್ಲಿ ನಡೆದುಹೋಗುತ್ತದೆ. ಬಣ್ಣಕ್ಕಾಗಿ ಹೈಡ್ರೋಸ್ ಎಂಬ ರಾಸಾಯನಿಕ ಸುರಿದ ಬೆಲ್ಲವನ್ನು ಪತ್ತೆಮಾಡುವ ಆರಂಭದ ಪಾಠವೂ ಹೈಸ್ಕೂಲಿಗೆ ಎಟುಕುವಂಥದ್ದೇ: ಬೆಲ್ಲದ ನೀರಿಗೆ ಆಮ್ಲ ಬೆರೆಸಿ ಬಿಸಿಮಾಡಿದಾಗ ಬೆಂಕಿಕಡ್ಡಿ ಗೀರಿದಂಥ ಘಾಟು ಬಂದರೆ ಗಂಧಕದ ಡೈಆಕ್ಸೈಡಿನ ಅನುಮಾನ. ಬೆಲ್ಲದಲ್ಲಿ ಅದು 70 ಪಿಪಿಎಂ ಮೀರಬಾರದೆಂದು ಆಹಾರ ಸುರಕ್ಷತೆಯ ನಿಯಮ ಹೇಳುತ್ತದೆ. ಆ ಅಳತೆಗೆ ಕಾಲೇಜಿನ ಪ್ರಯೋಗಾಲಯ ಬೇಕು. ಹೈಸ್ಕೂಲಿನ ಮಗು ತನ್ನ ಸ್ಯಾಂಪಲ್ ಹಿಡಿದು ಕಾಲೇಜಿನ ಬಾಗಿಲಿಗೆ ಹೋಗುವುದಕ್ಕೆ ಅದಕ್ಕಿಂತ ಒಳ್ಳೆಯ ನೆಪ ಇನ್ನೇನು?

ಕಬ್ಬು ಗಾಣಕ್ಕೆ ಹೋಗದೆ ಕಾರ್ಖಾನೆಗೆ ಹೋದರೆ ರಸಾಯನಶಾಸ್ತ್ರ ನೇರವಾಗಿ ರೈತನ ಕಿಸೆಗೇ ಬರುತ್ತದೆ. ಕೇಂದ್ರ ಸರಕಾರ ಕಬ್ಬಿಗೆ ಗೊತ್ತುಮಾಡುವ ನ್ಯಾಯಸಮ್ಮತ ದರ 2022–23ರ ಹಂಗಾಮಿನಿಂದ ಶೇಕಡಾ 10.25ರ ರಿಕವರಿಯನ್ನು, ಅಂದರೆ ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪಾಲನ್ನು, ಆಧಾರವಾಗಿ ಇಟ್ಟುಕೊಂಡಿದೆ. 2025–26ಕ್ಕೆ ಆ ಆಧಾರದ ದರ ಕ್ವಿಂಟಲಿಗೆ 355 ರೂಪಾಯಿ, ರಿಕವರಿ 0.1 ಹೆಚ್ಚಿದಂತೆಲ್ಲ ಕ್ವಿಂಟಲಿಗೆ 3 ರೂಪಾಯಿ 46 ಪೈಸೆ ಹೆಚ್ಚು. ನೂರು ಟನ್ ಕಬ್ಬು ಕಳಿಸುವ ರೈತನಿಗೆ ಆ 0.1ರ ಬೆಲೆ 3,460 ರೂಪಾಯಿ. ಈ ರಿಕವರಿಯ ಲೆಕ್ಕದ ಹಿಂದೆ ಇರುವುದು ಕಾರ್ಖಾನೆಯ ಪ್ರಯೋಗಾಲಯ. ಸಕ್ಕರೆಯ ದ್ರಾವಣ ಧ್ರುವೀಕೃತ ಬೆಳಕಿನ ತಲವನ್ನು ಎಷ್ಟು ತಿರುಗಿಸುತ್ತದೆ ಎಂಬುದರ ಮೇಲೆ ರಸದಲ್ಲಿ ಎಷ್ಟು ಸಕ್ಕರೆ ಇದೆ ಎಂದು ಅಲ್ಲಿ ಅಳೆಯುತ್ತಾರೆ. ರಿಕವರಿ ಕಡಿಮೆ ತೋರಿಸಿದರು, ತೂಕದಲ್ಲಿ ಮೋಸವಾಯಿತು ಎಂಬ ದೂರು ಪ್ರತಿ ಹಂಗಾಮಿನಲ್ಲೂ ಏಳುತ್ತದೆ. ತೂಕವನ್ನು ರೈತ ಬೇರೊಂದು ಕಾಟಾಕ್ಕೆ ಒಯ್ದು ಪರೀಕ್ಷಿಸಬಲ್ಲ. ರಿಕವರಿಯನ್ನು ಪರೀಕ್ಷಿಸಲು ಬೇಕಾದ ತಿಳಿವಳಿಕೆ ಅವನ ಮನೆಯಲ್ಲಿಲ್ಲ. ಅವನ ಮಗಳು ಹತ್ತನೇ ತರಗತಿಯಲ್ಲಿ ವಿಜ್ಞಾನ ಓದುತ್ತಿದ್ದಾಳೆ. ಅವಳ ಪಾಠಕ್ಕೂ ಅಪ್ಪನ ಬಿಲ್ಲಿಗೂ ಸಂಬಂಧವಿದೆ ಎಂದು ತೋರಿಸಿಕೊಡುವುದು ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗಕ್ಕೆ ಕಷ್ಟದ ಕೆಲಸವಲ್ಲ.

ತಂಬಾಕು ಮತ್ತು ಚರ್ಮದ ಮಾತೂ ಹೀಗೆಯೇ. ನಿಪ್ಪಾಣಿಯ ಬೀಡಿ ತಂಬಾಕಿನ ಕಸುವೆಲ್ಲ ನಿಕೋಟಿನ್ ಎಂಬ ಒಂದು ಕ್ಷಾರದಲ್ಲಿದೆ. ಅದನ್ನು ಮೊದಲು ಬೇರ್ಪಡಿಸಿದ್ದು 1828ರಲ್ಲಿ, ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ. ತಂಬಾಕಿನ ಕಸವನ್ನು ನೀರಿನಲ್ಲಿ ಕುದಿಸಿ, ಸೋಸಿ, ಬಾರ್ ಸೋಪು ಬೆರೆಸಿ ಬೆಳೆಗೆ ಸಿಂಪಡಿಸುವ ಪದ್ಧತಿ ರೈತರಿಗೆ ಗೊತ್ತು. ಸೋಪು ಎಲೆಗೆ ಅಂಟಲಿ ಎಂದಷ್ಟೇ ಅಲ್ಲ, ಅದರ ಕ್ಷಾರಗುಣ ಲವಣರೂಪದಲ್ಲಿರುವ ನಿಕೋಟಿನನ್ನು ಬಿಡಿಸುತ್ತದೆ ಎಂಬುದು ಹೈಸ್ಕೂಲಿನ ಆಮ್ಲ–ಪ್ರತ್ಯಾಮ್ಲ ಪಾಠದಿಂದ ಒಂದೇ ಹೆಜ್ಜೆ ಮುಂದೆ. ಮಕ್ಕಳ ಕೈಗೆ ಆ ಕಷಾಯವನ್ನು ಕೊಡಬಾರದು, ಅದು ವಿಷ. ವಿಷವೇಕೆ ಎಂದು ತಿಳಿಸುವುದೇ ಅಲ್ಲಿನ ಪಾಠ, ತಂಬಾಕು ತುಂಬಿ ಬೀಡಿ ಕಟ್ಟುವ ತಾಯಂದಿರ ಮಕ್ಕಳಿಗಂತೂ. ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿಗೆ 2019ರಲ್ಲಿ ಕೊಲ್ಲಾಪುರಿ ಎಂಬ ಹೆಸರಿನಡಿ ಭೌಗೋಳಿಕ ಸೂಚಕ ಸಿಕ್ಕಿತು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ. ಆ ಚರ್ಮ ಹದವಾಗುವುದು ಸುಣ್ಣದಲ್ಲಿ ನೆನೆದು, ಜಾಲಿ ತೊಗಟೆ ಮತ್ತು ಅಳಲೆಕಾಯಿಯ ಒಗರಿನಿಂದ. ಒಗರೆಂದರೆ ಟ್ಯಾನಿನ್, ಅದು ಚರ್ಮದ ಪ್ರೋಟೀನಿಗೆ ಅಂಟಿಕೊಂಡು ಕೊಳೆಯದಂತೆ ಕಾಯುತ್ತದೆ. ಅಳಲೆಕಾಯಿಯ ಕಷಾಯಕ್ಕೆ ತುಕ್ಕು ಹಿಡಿದ ಮೊಳೆ ಹಾಕಿಟ್ಟರೆ ಕೆಲ ಹೊತ್ತಿನಲ್ಲಿ ಅದು ಕಪ್ಪಾಗುತ್ತದೆ. ನಮ್ಮ ಹಳೆಯ ಮಸಿ ಅದೇ. ಗಾಜಿನ ಲೋಟ, ಮೊಳೆ, ಕಾಯಿ. ಖರ್ಚು ಹತ್ತು ರೂಪಾಯಿ ಒಳಗೆ.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ. ಊರಿನ ಕಸುಬನ್ನೇ ಶಾಲೆಗೆ ತಂದರೆ ಊರಿನ ಮಗುವನ್ನು ಊರಿನ ಕಸುಬಿಗೇ ಕಟ್ಟಿಹಾಕಿದಂತಲ್ಲವೇ? 1937ರ ವಾರ್ಧಾ ಶಿಕ್ಷಣ ಯೋಜನೆಯ ವಿರುದ್ಧವೂ ಇಂಥ ಮಾತು ಕೇಳಿಬಂತು. ಚರ್ಮದ ವಿಷಯದಲ್ಲಿ ಅದು ಇನ್ನೂ ಮೊನಚು, ಏಕೆಂದರೆ ಚರ್ಮ ಹದಮಾಡುವವರ ಮಕ್ಕಳು ಶಾಲೆಗೆ ಬರುವುದೇ ಆ ಕೆಲಸಕ್ಕೆ ಅಂಟಿಸಿದ ಅವಮಾನದಿಂದ ಪಾರಾಗಲು. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ, ಕಸುಬು ಕಲಿಸುವ ಮಟ್ಟಿಗೆ. ನಾನು ಹೇಳುತ್ತಿರುವುದು ಚಪ್ಪಲಿ ಹೊಲಿಯುವುದನ್ನೋ ಬೆಲ್ಲ ಕಾಯಿಸುವುದನ್ನೋ ಕಲಿಸಬೇಕೆಂದಲ್ಲ. ಆ ಕೆಲಸಗಳೊಳಗಿನ ರಸಾಯನಶಾಸ್ತ್ರವನ್ನು ತರಗತಿಯ ಎಲ್ಲ ಮಕ್ಕಳಿಗೆ, ಗೌಡರ ಮಗನಿಗೂ ಮಾಸ್ತರರ ಮಗಳಿಗೂ, ಒಂದೇ ಬೆಂಚಿನಲ್ಲಿ ಕಲಿಸಬೇಕೆಂದು. ಶತಮಾನಗಳಿಂದ ಹೀನವೆಂದು ಕರೆಸಿಕೊಂಡ ಕೆಲಸದಲ್ಲಿ ಪ್ರೋಟೀನು, ಟ್ಯಾನಿನುಗಳ ನಡುವಿನ ಬಂಧ ಇದೆ ಎಂದು ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಬಂದು ಎಲ್ಲರೆದುರು ಹೇಳಿದರೆ ಆ ಕಸುಬಿನ ಮನೆಯ ಮಗು ತಲೆ ತಗ್ಗಿಸಬೇಕಾಗಿಲ್ಲ. ಆ ಮಗು ಮುಂದೆ ಔಷಧ ಕಂಪನಿಗೆ ಹೋಗಲಿ, ಕಾಲೇಜಿಗೆ ಹೋಗಲಿ. ಏಕೆ ಎಂಬುದನ್ನು ತಿಳಿದವರು ಕಸುಬಿಗೆ ಕಟ್ಟುಬೀಳುವುದಿಲ್ಲ.

ಎರಡನೆಯ ಆಕ್ಷೇಪ ಪ್ರದರ್ಶನಗಳ ಪರವಾದದ್ದು. ಒಂದು ದಿನದ ಭೇಟಿಯೂ ಜೀವನ ಬದಲಿಸಬಲ್ಲದು ಎನ್ನುತ್ತಾರೆ, ಸಿ. ಎನ್. ಆರ್. ರಾವ್ ಅವರ ಉದಾಹರಣೆ ಕೊಡುತ್ತಾರೆ. ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಸಿ. ವಿ. ರಾಮನ್ ಬಂದು ಮಾತಾಡಿದ್ದು ತಮಗೆ ಪ್ರೇರಣೆಯಾಯಿತೆಂದು ರಾವ್ ಹೇಳಿದ್ದಾರೆ. ನಿಜ. ಆದರೆ ಆ ಹುಡುಗನ ಮನೆಯಲ್ಲಿ ಓದಿನ ವಾತಾವರಣವಿತ್ತು, ಊರು ಬೆಂಗಳೂರು, ಭಾರತೀಯ ವಿಜ್ಞಾನ ಸಂಸ್ಥೆ ಅದೇ ಊರಿನಲ್ಲಿ 1909ರಿಂದ ಇತ್ತು, ಅದರ ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್ ಸ್ವತಃ ರಸಾಯನವಿಜ್ಞಾನಿ. ಭೇಟಿಯ ಹಿಂದೆಯೂ ಮುಂದೆಯೂ ಆಧಾರಗಳಿದ್ದವು. ಅದಕ್ಕಿಂತ ಹೆಚ್ಚಾಗಿ ನೆನೆಯಬೇಕಾದದ್ದು ಇನ್ನೊಂದು ಸಂಗತಿ: ರಾವ್ ಅವರ ತಂದೆ ಮಗನನ್ನು ಸೇರಿಸಿದ್ದು ಕನ್ನಡ ಮಾಧ್ಯಮಕ್ಕೆ. 1947ರಲ್ಲಿ ಅವರು ಎಸೆಸೆಲ್ಸಿ ಮುಗಿಸಿದರು, ಮುಂದೆ ಭಾರತರತ್ನ ಪಡೆದರು. ಹೈಸ್ಕೂಲಿನಲ್ಲಿ ಮಾತೃಭಾಷೆಯಲ್ಲಿ ವಿಜ್ಞಾನ ಕಲಿತರೆ ಹಿಂದೆ ಬೀಳುತ್ತಾರೆ ಎಂಬ ಅಂಜಿಕೆಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ. ನಮ್ಮ ಗಡಿಯಲ್ಲಿ ಮನೆಮಾತು ಎರಡು, ಕನ್ನಡ ಮತ್ತು ಮರಾಠಿ. ಇಲ್ಲಿಗೆ ಬರುವ ಪ್ರಾಧ್ಯಾಪಕರಿಗೆ ಎರಡೂ ಬಂದರೆ ಒಳ್ಳೆಯದು, ಬರದಿದ್ದರೆ ಎರಡೂ ಬಲ್ಲ ವಿದ್ಯಾರ್ಥಿಗಳು ಅವರ ವಿಭಾಗದಲ್ಲೇ ಇರುತ್ತಾರೆ.

ಮೊಬೈಲಿನಲ್ಲಿ ಎಲ್ಲ ಪ್ರಯೋಗದ ವಿಡಿಯೋ ಸಿಗುವಾಗ ಇದೆಲ್ಲ ಏಕೆ ಎಂದು ಕೇಳುವವರಿಗೆ ಉತ್ತರ ಚಿಕ್ಕದು. ವಿಡಿಯೋದಲ್ಲಿ ಪ್ರಯೋಗ ಎಂದೂ ಕೈಕೊಡುವುದಿಲ್ಲ. ತಾನೇ ಮಾಡಿದಾಗ ಲಿಟ್ಮಸ್ ಬಣ್ಣ ತಿರುಗದಿದ್ದರೆ ಮಗು ಏಕೆ ಎಂದು ಕೇಳುತ್ತದೆ, ಕಲಿಕೆ ಅಲ್ಲಿಂದ ಶುರುವಾಗುತ್ತದೆ. ಸಂಶೋಧನೆ ವಿಶ್ವವಿದ್ಯಾಲಯದ ಕೆಲಸ, ಹೈಸ್ಕೂಲು ಶಿಕ್ಷಣ ಇಲಾಖೆಯದು ಎನ್ನುವವರ ಮಾತಿಗೆ ಮಾತ್ರ ಸ್ವಲ್ಪ ವಿವರವಾದ ಉತ್ತರ ಬೇಕು. ಕರ್ನಾಟಕದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯಂಥ ಸಂಶೋಧನೆಯ ಸಂಸ್ಥೆ ಚಳ್ಳಕೆರೆಯ ತನ್ನ ಆವರಣದಲ್ಲಿ ಶಾಲಾ ಕಾಲೇಜು ಶಿಕ್ಷಕರನ್ನು ಕೂರಿಸಿ, ಪ್ರಯೋಗಾಲಯದಲ್ಲಿ ಕೈಯಾರೆ ಕೆಲಸ ಮಾಡಿಸಿ ಕಳಿಸುತ್ತಿದೆ. ಅದರ ಸಂಶೋಧನೆ ಅದರಿಂದ ಕುಗ್ಗಿಲ್ಲ. ಬೆಳಗಾವಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗಕ್ಕೆ ವಿದ್ಯಾರ್ಥಿಗಳು ಬರುವುದು ಇದೇ ನಿಪ್ಪಾಣಿ, ಅಥಣಿ, ರಾಯಬಾಗದ ಹೈಸ್ಕೂಲುಗಳಿಂದ. ಆ ಹೈಸ್ಕೂಲುಗಳಲ್ಲಿ ಆಸಕ್ತಿ ಹುಟ್ಟದಿದ್ದರೆ ಎಂಎಸ್ಸಿ ತರಗತಿಯ ಬೆಂಚುಗಳು ಖಾಲಿ ಉಳಿಯುತ್ತವೆ.

ಆದ್ದರಿಂದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ, ನಿಪ್ಪಾಣಿ ಮತ್ತು ಚಿಕ್ಕೋಡಿಯ ಪದವಿ ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ಬೇಡಿಕೆ. ದೊಡ್ಡ ಸಮಾವೇಶ ಬೇಡ, ಬ್ಯಾನರ್ ಬೇಡ. ಒಂದು ತಾಲೂಕಿನ ಹೈಸ್ಕೂಲುಗಳ ವಿಜ್ಞಾನ ಮಾಸ್ತರರನ್ನು ತಿಂಗಳಿಗೊಂದು ಶನಿವಾರ ನಿಮ್ಮ ಪ್ರಯೋಗಾಲಯಕ್ಕೆ ಕರೆಯಿರಿ. ಅವರ ಜತೆ ಕೂತು ಕಬ್ಬಿನ ಹಾಲು, ಸುಣ್ಣ, ಅಳಲೆಕಾಯಿ, ಬಾವಿಯ ನೀರು ಇವುಗಳಿಂದ ಹತ್ತು ಪ್ರಯೋಗ ಸಿದ್ಧಮಾಡಿ, ಕನ್ನಡ ಮತ್ತು ಮರಾಠಿ ಎರಡರಲ್ಲೂ ಬರೆದು, ಸಾಮಾನಿನ ಪೆಟ್ಟಿಗೆಯೊಂದನ್ನು ಕೈಯಲ್ಲಿ ಕೊಟ್ಟು ಕಳಿಸಿ. ಮುಂದಿನ ತಿಂಗಳ ಶನಿವಾರ ಯಾವುದು ಕೈಕೊಟ್ಟಿತು ಎಂದು ಕೇಳಿ. ಗಾಣಗಳು ಹೊತ್ತಿ, ಕಾರ್ಖಾನೆಗಳ ನುರಿಸುವಿಕೆ ರಭಸಕ್ಕೆ ಬರುವುದು ನವೆಂಬರಿನಲ್ಲಿ. ಎಸೆಸೆಲ್ಸಿ ಪರೀಕ್ಷೆಗೆ ಆಗ ಇನ್ನೂ ನಾಲ್ಕು ತಿಂಗಳಿರುತ್ತದೆ. ಶುರುಮಾಡಲು ಅದೇ ಸರಿಯಾದ ಹೊತ್ತು.